ಗಾದಿಗನೂರಿನ ಸೋದರಸೊಸೆ

ಹೊಸಪೇಟೆಯಲ್ಲಿ ನನ್ನಿಂದ ಆಗದ ಕೆಲಸವೇ ಇಲ್ಲ ಎಂಬುದು ನನ್ನ ದೃಢವಾದ ನಂಬಿಕೆ. ಈ ನಂಬಿಕೆ ಇರುವುದು ನನ್ನೊಬ್ಬನಿಗೇ.

ಚಿತ್ತವಾಡ್ಗಿಯ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ದಿಲ್ ನೇಪಾಳದವನು. ಬಸ್ ಸ್ಟ್ಯಾಂಡ್ ಹತ್ತಿರ ನೂಡಲ್ಸ್ ಗಾಡಿ ಇಟ್ಟಿದ್ದಾನೆ. ಮಗ ಸೂರಜ್ ಹುಟ್ಟಿದ್ದು ಇಲ್ಲಿಯ ಆಸ್ಪತ್ರೆಯಲ್ಲೇ. ಅವನಿಗೆ ಇಲ್ಲಿಯ ಕಾಗದಪತ್ರ ಎಲ್ಲ ಇವೆ, ಸರಕಾರಿ ಶಾಲೆಯಲ್ಲಿ ಮೂರನೇ ಕ್ಲಾಸು. ಮಗಳು ಸರಿತಾ ಹುಟ್ಟಿದ್ದು, ಅಜ್ಜಿಯ ಹತ್ತಿರ ಬೆಳೆದದ್ದು ನೇಪಾಳದಲ್ಲಿ. ಹೋದ ವರ್ಷ ಬಂದವಳು ತಮ್ಮನ ಜೊತೆ ಜಗಳಾಡುತ್ತಲೇ ನಮ್ಮ ಕನ್ನಡ ಕಲಿತಳು. ಆಧಾರ್ ಇಲ್ಲದೆ ಶಾಲೆಗೆ ಸೇರಿಸುವುದಿಲ್ಲ ಎಂದು ಯಾರೋ ಹೇಳಿದ್ದೇ ತಡ, ದಿಲ್ ಅವಳನ್ನು ಮತ್ತೆ ಅಜ್ಜಿಯ ಹತ್ತಿರ ಕಳಿಸಲು ತಯಾರಾದ. ಹುಡುಗಿ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದಳು. ಎಲ್ಲಾ ನನಗೆ ಬಿಡು ಎಂದು ದಿಲ್‌ಗೆ ಹೇಳಿದೆ.

ಯೋಜನೆ ಸರಳ. ಸರಿತಾ ಗಾದಿಗನೂರಿನಲ್ಲಿರುವ ನನ್ನ ತಂಗಿಯ ಮಗಳು. ಕಾಗದಪತ್ರ ಊರಲ್ಲಿವೆ, ಆಮೇಲೆ ತರುತ್ತೇವೆ. ನನಗೆ ಗಾದಿಗನೂರಿನಲ್ಲಿ ತಂಗಿ ಇಲ್ಲ. ಎಲ್ಲೂ ಇಲ್ಲ. ಅದೊಂದು ಸಣ್ಣ ತೊಡಕು! ತಾನೂ ಬರುತ್ತೇನೆಂದ ದಿಲ್‌ನನ್ನು, ನೀನು ಬಂದರೆ ಕೆಲಸ ಕೆಡುತ್ತದೆ ಎಂದು ಗದರಿಸಿ ಗಾಡಿಗೆ ಕಳಿಸಿದೆ. ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಗಿರಿಜಾ, "ಮೊದ್ಲು ಇದ್ದದ್ದು ಇದ್ದಂಗ ಕೇಳಿ ನೋಡ್ರಿ" ಅಂದಳು. ಪಾಪ, ಅವಳಿಗೆ ಲೋಕವ್ಯವಹಾರ ತಿಳಿಯದು.

ಸರಿತಾಳನ್ನು ಕರೆದುಕೊಂಡು ಸೂರಜ್‌ನ ಶಾಲೆಗೆ ಹೋದೆ. ಹೆಡ್‌ಮೇಡಂ ನನ್ನ ಕಥೆಯನ್ನೆಲ್ಲ ಸಮಾಧಾನವಾಗಿ ಕೇಳಿದರು.

"ಗಾದಿಗನೂರಾಗ ಯಾರ ಪೈಕಿ?"

ನಮ್ಮ ಕಡೆ ಹೆಸರು ಹೇಳದಿದ್ದರೂ ನಡೆದೀತು, ಯಾರ ಪೈಕಿ, ಯಾವ ಮನೆತನ ಎಂದು ಹೇಳದಿದ್ದರೆ ಕುಡಿಯಲು ನೀರೂ ಸಿಗುವುದಿಲ್ಲ. ಅದೊಂದನ್ನೇ ನಾನು ತಯಾರಿ ಮಾಡಿರಲಿಲ್ಲ. ಊರು ಅಂದಮೇಲೆ ಒಬ್ಬ ಗೌಡರು ಇದ್ದೇ ಇರುತ್ತಾರೆಂದು ಗೌಡರ ಪೈಕಿ ಎಂದುಬಿಟ್ಟೆ.

ಮೇಡಂ ಅದೇ ಮನೆಯ ಸೊಸೆ!

ಹಾಗಾದರೆ ನಾವು ಬೀಗರಾದೆವು ಎಂದು ಅವರು ಚಹಾ ತರಿಸಿದರು. ಮೊನ್ನೆ ನಮ್ಮ ಗೃಹಪ್ರವೇಶಕ್ಕೆ ಯಾಕೆ ಬರಲಿಲ್ಲ ಎಂದು ಆಕ್ಷೇಪಿಸಿದರು. ಕಂಪ್ಲಿಯಲ್ಲಿ ಮದುವೆ ಇತ್ತು, ತಪ್ಪಾಯಿತು, ಆದರೆ ಊಟ ಬಹಳ ಚೆನ್ನಾಗಿತ್ತೆಂದು ತಂಗಿ ಹೊಗಳಿದಳು ಎಂದೆ.

"ನಾವು ಮನೀನ ಕಟ್ಸಿಲ್ರೀ" ಅಂದರು ಮೇಡಂ.

ನಾನು ಚಹಾದ ಕಪ್ಪನ್ನು ಮೇಜಿನ ಮೇಲಿಟ್ಟೆ. ಸರಿತಾ ಎದ್ದು ನಿಂತಳು.

"ನಮ್ಮೂರು ನೇಪಾಳ ಮೇಡಂ. ಇವರು ನಮ್ಮ ಮನಿ ಮಾಲಕ್ರು. ನನ್ನ ತಮ್ಮ ಇಲ್ಲೇ ಓದ್ತಾನ. ನಾನೂ ಅವನ ಜೋಡಿ ಇರ್ಬೇಕು."

ಈ ವಯಸ್ಸಿನ ಮಕ್ಕಳನ್ನು ಕಾಗದ ಇಲ್ಲವೆಂದು ವಾಪಸ್ ಕಳಿಸುವ ಹಾಗಿಲ್ಲ, ನಾಳೆ ಅಪ್ಪನನ್ನು ಕಳಿಸಿದರೆ ಸಾಕು ಎಂದರು ಮೇಡಂ. ಅವಳನ್ನು ಆಗಲೇ ಕ್ಲಾಸಿಗೆ ಕರೆದೊಯ್ದರು. ನನ್ನನ್ನು ಗೇಟಿನ ಹೊರಗೆ ಬಿಟ್ಟು ಬರಲು ಜವಾನನಿಗೆ ಹೇಳಿದರು.

ಸಂಜೆ ಸರಿತಾ ತಮ್ಮನ ಜೊತೆ ನಗುತ್ತಾ ಬಂದಳು. ಕ್ಲಾಸಿನ ಹುಡುಗಿಯರೂ ಯಾರ ಪೈಕಿ ಅಂತಲೇ ಕೇಳಿದರಂತೆ. ಸೂರಜ್‌ನ ಅಕ್ಕ ಅಂದಳಂತೆ. ಅಷ್ಟಕ್ಕೇ ಸರಿದು ಕೂತು ಜಾಗ ಕೊಟ್ಟರಂತೆ. ನನಗೆ ನಿಜಕ್ಕೂ ಖುಷಿಯಾಯಿತು. ಈ ಶುಭಕಾರ್ಯದಲ್ಲಿ ನನ್ನ ಹೆಸರೂ ಸ್ವಲ್ಪ ಬರಲಿ ಎಂದು, ನಿನ್ನ ಜೊತೆ ಬಂದವರು ಯಾರು ಅಂತ ಯಾರೂ ಕೇಳಲಿಲ್ಲವೇ ಎಂದೆ.

"ಕೇಳಿದ್ರು ಅಂಕಲ್. ಗೊತ್ತಿಲ್ಲ ಅಂದೆ. ನಿಮ್ಮ ಪೈಕಿ ಅಂದ್ರ ನನ್ನೂ ಹೊರಗ ಹಾಕಿದ್ರ?"