ಏಳನೇ ರೂಮಿನ ಬಾಣಂತನ

ಇಷ್ಟಕ್ಕೆಲ್ಲ ಕಾರಣ ಆಸ್ಪತ್ರೆಯ ನಲ್ಲಿಯಲ್ಲಿ ನೀರು ಬಾರದೆ ಇದ್ದದ್ದು.

ಬುಧವಾರ ಬೆಳಗ್ಗೆ ಆರು ಗಂಟೆಗೆ ಹೆರಿಗೆ ಕೋಣೆಯ ಬಾಗಿಲು ಅರ್ಧ ತೆರೆಯಿತು. ಸಿಸ್ಟರ್ ತ್ರೇಸ್ಯಾಮ್ಮ ಬಿಳಿ ಬಟ್ಟೆಯ ಗಂಟೊಂದನ್ನು ಎದೆಗೆ ಆನಿಸಿಕೊಂಡು ಹೊರಗೆ ಬಂದು, "ಪ್ರಸೀತಾ ಕಡೆಯವರು ಯಾರಿದ್ದೀರಿ?" ಎಂದರು. ಸುಗುಣನ್ ಎರಡೂ ಕೈ ಚಾಚಿಕೊಂಡು ಓಡಿದ. ಸಿಸ್ಟರ್ ಮಗುವನ್ನು ಕೊಡುವ ಮೊದಲು ಆ ಕೈಗಳನ್ನು ನೋಡಿದರು. ಹನ್ನೊಂದು ವರ್ಷ ಷೊರನೂರು ಲೈನಿನ ಬಸ್ಸಿನಲ್ಲಿ ಚಿಲ್ಲರೆ ಎಣಿಸಿದ ಕಂಡಕ್ಟರನ ಕೈಗಳು ಅವು. ಬೆರಳ ಸಂದಿಯಲ್ಲಿ ಹಿಂದಿನ ದಿನದ ಕೊನೇ ಟ್ರಿಪ್ಪಿನ ಕೊಳೆ ಹಾಗೇ ಇತ್ತು.

"ಹೆಣ್ಣು ಮಗು. ತಾಯಿ ಮಗು ಚೆನ್ನಾಗಿದ್ದಾರೆ. ನೀವು ಮೊದಲು ಕೈ ತೊಳ್ಕೊಂಡು ಬನ್ನಿ."

ಹತ್ತಿರದ ನಲ್ಲಿ ತಿರುಗಿಸಿದರೆ ಗಾಳಿ ಬಂತು. ಎರಡನೆಯದಕ್ಕೆ ತಿರುಗಣೆಯೇ ಇರಲಿಲ್ಲ. ಕೆಳಗಿಳಿದು ಹೊರರೋಗಿಗಳ ಕಡೆಯ ನಲ್ಲಿಯಲ್ಲಿ ತೊಳೆದು, ಒರೆಸಿದರೆ ಮತ್ತೆ ಕೊಳೆಯಾದೀತೆಂದು ನೀರು ತೊಟ್ಟಿಕ್ಕಿಸುತ್ತಲೇ ಮೇಲೆ ಬಂದ. ಅಷ್ಟರಲ್ಲಿ ಮಗು ಅಜ್ಜಿಯ ತೋಳಲ್ಲಿ ಮಲಗಿ ಬಾಣಂತಿಯರ ವಾರ್ಡಿಗೆ ಹೊರಟುಹೋಗಿತ್ತು. ವಾರ್ಡಿನ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು, ಎಲ್ಲರಿಗೂ ಅಕ್ಕನಾದ ಆಯಾ ಓಮನಚೇಚಿ ಕಾವಲು ಕೂತಿದ್ದಳು. ಅವಳ ತಲೆಯ ಮೇಲೆ ಬೋರ್ಡು: ಗಂಡಸರಿಗೆ ಪ್ರವೇಶವಿಲ್ಲ.

"ಚೇಚಿ, ನಾನು ಮಗುವಿನ ಅಪ್ಪ."

"ಇಲ್ಲಿಗೆ ಬರೋ ಗಂಡಸರೆಲ್ಲ ಯಾವುದೋ ಮಗುವಿನ ಅಪ್ಪಂದಿರೇ. ಬಾಳೆಕಾಯಿ ವ್ಯಾಪಾರಿಗಳು ಯಾರೂ ಬರಲ್ಲ."

"ಒಂದೇ ಒಂದು ನಿಮಿಷ. ಎತ್ಕೊಂಡು ಕೊಟ್ಟುಬಿಡ್ತೀನಿ."

"ಶನಿವಾರ ಡಿಸ್ಚಾರ್ಜು. ಆಗ ದಿನವಿಡೀ ಎತ್ಕೊಂಡಿರು, ಯಾರು ಬೇಡ ಅಂತಾರೆ?"

ಶನಿವಾರ ಅನ್ನುವುದು ಓಮನಚೇಚಿಗೆ ಸುಲಭ. ಸುಗುಣನಿಗೆ ಬಸ್ಸಿನ ಓನರು ಕೊಟ್ಟಿದ್ದು ಒಂದೇ ದಿನದ ರಜೆ. ಗುರುವಾರ ಬೆಳಗ್ಗೆ ಐದೂ ನಲವತ್ತರ ಟ್ರಿಪ್ಪಿಗೆ ಅವನಿರಬೇಕು. ಡಿಸ್ಚಾರ್ಜ್ ಆದಮೇಲೆ ಪ್ರಸೀತಾ ಹೋಗುವುದು ಹೊಳೆಯಾಚೆಯ ತವರಿಗೆ, ತೊಂಬತ್ತು ದಿನಕ್ಕೆ. ಮಗುವನ್ನು ಎತ್ತಿಕೊಳ್ಳಬೇಕಾದರೆ ಈವತ್ತೇ ಎತ್ತಿಕೊಳ್ಳಬೇಕು. ಇಲ್ಲವಾದರೆ ಬಸ್ಸಿಗೆ ಪುರುಸೊತ್ತಾದಾಗ.

ಏಳೂವರೆಗೆ ಪ್ರಸೀತಾಳ ಫೋನು ಬಂತು.

"ಸುಗುಣೇಟ್ಟ, ಇಲ್ಲಿ ಮೂವತ್ತು ಮಂಚ. ಮೂವತ್ತು ಮಕ್ಕಳು ಸರದಿ ಹಾಕ್ಕೊಂಡು ಅಳ್ತಿವೆ. ಎರಡು ದಿನ ಆಯ್ತು ನಾನು ಕಣ್ಣು ಮುಚ್ಚಿ. ಎಲ್ಲಾದ್ರೂ ಒಂದು ಗಂಟೆ ಮಲಗಿದ್ರೆ ಸಾಕಾಗಿದೆ."

"ಮಗು ಹೇಗಿದೆ?"

"ನಿಮ್ಮ ಥರಾನೇ. ಕಿವಿ ದೊಡ್ಡದು."

ಸುಗುಣನ್ ತನ್ನ ಕಿವಿ ಮುಟ್ಟಿ ನೋಡಿಕೊಂಡ. ಆಮೇಲೆ ಅವನು ಒಂದು ಕಡೆ ನಿಲ್ಲಲಿಲ್ಲ.

ಆಸ್ಪತ್ರೆಯ ಹಿಂದುಗಡೆ ಪೇ ವಾರ್ಡ್ ಇದೆ. ಸರ್ಕಾರಿ ಆಸ್ಪತ್ರೆಯೇ, ಆದರೆ ಬಾಡಿಗೆ ಕಟ್ಟಿದರೆ ಬೇರೆ ರೂಮು. ಒಂದು ಮಂಚ, ಜೊತೆಗಿರುವವರಿಗೆ ಒಂದು ಬೆಂಚು, ಬಚ್ಚಲು, ಚಿಲಕವಿರುವ ಬಾಗಿಲು. ಅಲ್ಲಿಗೆ ಗಂಡಸರೂ ಬರಬಹುದು. ಸುಗುಣನ್ ಓಡಿಹೋಗಿ ಕಿಟಕಿಯಲ್ಲಿ ತಲೆ ತೂರಿಸಿದ.

"ಹನ್ನೊಂದೂ ಭರ್ತಿ," ಎಂದ ಗುಮಾಸ್ತ, ತಲೆಯೆತ್ತದೆ. "ಏಳನೇದು ಮಧ್ಯಾಹ್ನ ಖಾಲಿಯಾಗುತ್ತೆ. ಆದ್ರೆ ಅದಕ್ಕೆ ಆರು ಜನ ಹೆಸರು ಬರೆಸಿದ್ದಾರೆ."

ಅದೇ ಹೊತ್ತಿಗೆ ಕೊಡೆ ಊರಿಕೊಂಡು ಭಾರ್ಗವನ್ ಮಾಮ ಬಂದರು. ಪ್ರಸೀತಾಳ ಸೋದರಮಾವ, ಆರೋಗ್ಯ ಇಲಾಖೆಯಲ್ಲಿ ಹೆಡ್ ಕ್ಲಾರ್ಕ್ ಆಗಿ ನಿವೃತ್ತರಾದವರು. ನಿವೃತ್ತರಾಗಿ ಒಂಬತ್ತು ವರ್ಷವಾಗಿದ್ದರೂ ಇಲಾಖೆಗೆ ಆ ವಿಷಯ ಇನ್ನೂ ತಿಳಿದಿಲ್ಲವೆಂಬಂತೆ ಅವರು ಓಡಾಡುತ್ತಿದ್ದರು. ಆ ಮನೆಯಲ್ಲಿ ಅವರು ಕೆಮ್ಮಿದಮೇಲೆಯೇ ಉಳಿದವರ ಮಾತು.

"ರೂಮು ಬೇಕಾ? ಅದನ್ನ ನನ್ನ ಹತ್ರ ಕೇಳೋದು ಬಿಟ್ಟು ಕಿಟಕಿ ಹತ್ರ ಕೇಳ್ತಾರಾ ಯಾರಾದ್ರೂ? ಈ ಗುಮಾಸ್ತನನ್ನ ಕೆಲಸಕ್ಕೆ ಹಾಕಿದ್ದೇ ನನ್ನ ಫೈಲು," ಎಂದು ಮಾಮ ಒಳಗೆ ಹೋದರು. ಹತ್ತು ನಿಮಿಷಕ್ಕೆ ಹೊರಗೆ ಬಂದರು. ಆರು ಹೆಸರುಗಳು ಏನಾದವೋ ದೇವರಿಗೆ ಗೊತ್ತು, ಏಳನೇ ರೂಮು ಸಿಕ್ಕಿತ್ತು.

ಸುಗುಣನ್ ಜೇಬಿಗೆ ಕೈ ಹಾಕಿದ. ಇಪ್ಪತ್ತೆಂಟನೇ ದಿನ ಮಗುವಿನ ಸೊಂಟಕ್ಕೆ ಕಟ್ಟಬೇಕಾದ ಚಿನ್ನದ ನೂಲಿಗೆಂದು ಕೂಡಿಟ್ಟ ದುಡ್ಡು ಅದು. ಆದರೆ ಅವನು ದುಡ್ಡು ತೆಗೆದದ್ದನ್ನು ಅತ್ತೆ ಕಾರ್ತ್ಯಾಯನಿ ನೋಡಿಬಿಟ್ಟಳು. ಫ್ಲಾಸ್ಕಿಗೆ ಬಿಸಿನೀರು ತುಂಬಿಸಲು ಬಂದವಳು ಅಲ್ಲೇ ನಿಂತಳು. ಅಳಿಯನನ್ನು ಅವಳು ಕರೆಯುವುದು ಮೋನೆ, ಮಗನೇ, ಎಂದು.

"ಏನು ಮೋನೆ ಇದು? ಮೊದಲ ಹೆರಿಗೆಗೆ ಅಳಿಯ ದುಡ್ಡು ಕಟ್ಟೋದಾ?"

ನಮ್ಮ ಕಡೆ ಮೊದಲ ಹೆರಿಗೆ ಹೆಣ್ಣಿನ ಮನೆಯವರದು. ಅದರಲ್ಲಿ ಅಳಿಯ ಕೈಯಾಡಿಸಿದರೆ ಹೆಣ್ಣಿನ ಮನೆಯವರು ಊರಲ್ಲಿ ತಲೆಯೆತ್ತುವ ಹಾಗಿಲ್ಲ. ಹಾಗೆಂದು ಕಾರ್ತ್ಯಾಯನಿಯ ಹತ್ತಿರ ರೂಮಿಗೆ ಕಟ್ಟುವಷ್ಟು ದುಡ್ಡೂ ಇರಲಿಲ್ಲ.

"ಅಮ್ಮ, ಯಾರಿಗೂ ಗೊತ್ತಾಗಲ್ಲ."

"ರಸೀದಿ ಮೇಲೆ ಹೆಸರಿರುತ್ತಲ್ಲ. ನಾಳೆ ನಿನ್ನ ಅಕ್ಕಂದಿರು ಬಂದು, ನಮ್ಮ ತಮ್ಮನೇ ರೂಮು ಹಿಡಿದಿದ್ದು ಅಂತ ಊರಿಗೆಲ್ಲ ಹೇಳಲಿ ಅಂತಲಾ? ನನ್ನ ಮಗಳು ವಾರ್ಡಲ್ಲೇ ಮಲಗಲಿ."

ಮಾಮ ಕೆಮ್ಮಿದರು. "ಇದಕ್ಯಾಕೆ ಜಗಳ? ದುಡ್ಡು ಸುಗುಣನ್ ಕಟ್ಟಲಿ. ರಸೀದಿ ನನ್ನ ಹೆಸರಲ್ಲಿ ಬರೆಸೋಣ. ಸೋದರಮಾವ ರೂಮು ಹಿಡಿದ ಅಂದ್ರೆ ಯಾರೂ ಏನೂ ಅನ್ನಲ್ಲ. ಒಳ್ಳೇದೇ ಅಂತಾರೆ."

ಸುಗುಣನಿಗೆ ರಸೀದಿ ಯಾರ ಹೆಸರಲ್ಲಿದ್ದರೂ ಆಗಬಹುದಿತ್ತು. ನಾಲ್ಕು ದಿನದ ಮುಂಗಡ ಕಟ್ಟಿದ. ರಸೀದಿಯಲ್ಲಿ 'ಎನ್. ಭಾರ್ಗವನ್' ಎಂದು ದಪ್ಪಗೆ ಬರೆಸಿಕೊಂಡು ಮಾಮ ಅದನ್ನು ಜೇಬಿನಲ್ಲಿ ಕಾಣುವ ಹಾಗೆ ಸಿಕ್ಕಿಸಿಕೊಂಡರು.

ಹನ್ನೆರಡಕ್ಕೆ ಏಳನೇ ರೂಮಿನವರು ಹೊರಡಲಿಲ್ಲ. ಬುಧವಾರ ಹನ್ನೆರಡರಿಂದ ಒಂದೂವರೆವರೆಗೆ ರಾಹುಕಾಲ. ಹಸುಗೂಸನ್ನು ಆಗ ಹೊರಗೆ ಒಯ್ಯುವುದಿಲ್ಲವೆಂದು ಆ ಮಗುವಿನ ಮುತ್ತಜ್ಜಿ ಮಂಚದ ಕಾಲು ಹಿಡಿದು ಕೂತಿದ್ದಳು. ಸುಗುಣನ್ ವರಾಂಡದಲ್ಲಿ ಅತ್ತಿಂದಿತ್ತ ಮೂವತ್ತು ಸಲ ನಡೆದ. ಅಷ್ಟರಲ್ಲಿ ಎರಡು ಸಲ ಕೈ ತೊಳೆದು ಬಂದ. ಒಂದೂವರೆ ಹೊಡೆದದ್ದೇ ತಡ, ಅವರ ಬಕೆಟ್ಟು, ಹಾಸಿಗೆ, ತೊಟ್ಟಿಲಬಟ್ಟೆ ಎಲ್ಲವನ್ನೂ ತಾನೇ ಹೊತ್ತು, "ಮುಂದೆ ಹೋಗಿ, ಮುಂದೆ ಹೋಗಿ, ಬಾಗಿಲಲ್ಲಿ ನಿಲ್ಲಬೇಡಿ," ಎನ್ನುತ್ತಾ ಇಡೀ ಸಂಸಾರವನ್ನು ಆಟೋದೊಳಗೆ ತುಂಬಿಸಿ, ಅಭ್ಯಾಸಬಲದಿಂದ ಆಟೋದ ಬೆನ್ನಿಗೆ ಎರಡು ಸಲ ತಟ್ಟಿ ಕಳಿಸಿದ.

ಎರಡೂವರೆಗೆ ಪ್ರಸೀತಾ ಗಾಲಿಕುರ್ಚಿಯಲ್ಲಿ ಬಂದಳು. ಮಡಿಲಲ್ಲಿ ಬಿಳಿ ಗಂಟು. ಸುಗುಣನ್ ಬಗ್ಗಿ ನೋಡಿದ. ಕಿವಿ ನಿಜಕ್ಕೂ ದೊಡ್ಡದಿತ್ತು.

"ಎತ್ಕೊಳ್ಳಲಾ?" ಎಂದು ಕೇಳಿದ, ಸಣ್ಣ ದನಿಯಲ್ಲಿ.

"ನಿಮ್ಮದೇ ಅಲ್ವಾ?" ಎಂದು ಪ್ರಸೀತಾ ನಕ್ಕಳು.

"ಬಕೆಟ್ಟು ಹೊತ್ತ ಕೈಯಲ್ಲಾ?" ಎಂದಳು ಕಾರ್ತ್ಯಾಯನಿ. "ತೊಳ್ಕೊಂಡು ಬಾ ಮೋನೆ."

ಅವನು ಬಚ್ಚಲಿಗೆ ಹೋಗುವಷ್ಟರಲ್ಲಿ ಬಾಗಿಲಾಚೆ ಜೀಪು ನಿಂತ ಸದ್ದಾಯಿತು. ವಾರ್ಡಿನಲ್ಲಿರುವ ಬಾಣಂತಿಯನ್ನು ನೋಡಲು ಬರುವವರು ಕಡಿಮೆ. ಓಮನಚೇಚಿಯ ಬಾಯಿಗೆ ಹೆದರಿ ಹೊರಗಿನಿಂದಲೇ ಹೋಗುತ್ತಾರೆ. ರೂಮು ಸಿಕ್ಕಿತೆಂದರೆ ಮಾತು ಬೇರೆ. ರೂಮು ಅಂದರೆ ಮನೆಯಿದ್ದ ಹಾಗೆ. ಮಾಮ ಬೆಳಗ್ಗಿನಿಂದ ಎಲ್ಲರಿಗೂ ಫೋನು ಮಾಡಿ, "ನಾನು ಹಿಡಿದ ರೂಮು, ಏಳನೇ ನಂಬರು, ಬನ್ನಿ," ಎಂದು ಹೇಳಿಬಿಟ್ಟಿದ್ದರು. ಮಾಮನ ಹೆಂಡತಿ ದೇವಯಾನಿಯ ಹಿಂದೆ ಎಂಟು ಜನ ಇಳಿದರು. ಹಾರ್ಲಿಕ್ಸ್ ಬಾಟಲಿ, ಕಿತ್ತಳೆ, ಪುಟ್ಟ ಪುಟ್ಟ ಅಂಗಿ, ಒಂದು ಗೊನೆ ನೇಂದ್ರ ಬಾಳೆ.

ಬಚ್ಚಲಿಗೆ ಸುಗುಣನಿಗಿಂತ ಮೊದಲು ದೇವಯಾನಿ ನುಗ್ಗಿದಳು. ಬಿಸಿಲಲ್ಲಿ ಬಂದದ್ದಕ್ಕೆ ಮೈ ಅಂಟಂಟಾಗಿತ್ತಂತೆ, ಸ್ನಾನಕ್ಕೇ ನಿಂತಳು. ಸುಗುಣನ್ ಮತ್ತೆ ಹೊರರೋಗಿಗಳ ಕಡೆಯ ನಲ್ಲಿಗೆ ಓಡಿದ. ತಿರುಗಿ ಬಂದಾಗ ಮಗು ನಾಲ್ಕನೆಯವರ ಕೈಯಲ್ಲಿತ್ತು.

"ಮೂಗು ನಮ್ಮ ಕುಟುಂಬದ್ದು."

"ಹಣೆ ಮಾತ್ರ ಮಾಮನದ್ದೇ."

"ಕಿವಿ ಯಾರದ್ದೋ ಏನೋ," ಎಂದಳು ಒಬ್ಬಳು, ಸುಗುಣನನ್ನು ನೋಡದೆ.

ಅವನು ಕೈ ಚಾಚಿದ. ಕೈಗೆ ಫ್ಲಾಸ್ಕು ಬಂತು.

"ಹತ್ತು ಟೀ ತಗೊಂಡು ಬಾ ಮೋನೆ," ಎಂದರು ಮಾಮ. "ಬಂದವರನ್ನ ಬಾಯಾರಿಸಿ ಕಳಿಸೋದಾ? ಆ ಅಂಗಡೀಲಿ ಬಿಸಿ ಬಿಸಿ ಬಾಳೆಹಣ್ಣಿನ ಪಳಂಪೊರಿ ಕರೀತಿರ್ತಾನೆ. ಅದೂ ಇರಲಿ."

ಟೀ ತಂದ. ಸಕ್ಕರೆ ಇಲ್ಲದ್ದು ಎರಡು ಬೇಕೆಂದು ಇನ್ನೊಮ್ಮೆ ಹೋದ. ಪಳಂಪೊರಿಯ ಎಣ್ಣೆ ಕೈಗಂಟಿತು, ತೊಳೆದ. ಕಿತ್ತಳೆ ಸುಲಿದು ಕೊಡೆಂದರು, ಸುಲಿದ, ಮತ್ತೆ ತೊಳೆದ. ಮಂಚದ ಮೇಲೆ ಪ್ರಸೀತಾಳ ಕಾಲ ಬಳಿ ಮೂವರು ಕೂತಿದ್ದರು, ತಲೆಯ ಬಳಿ ಇಬ್ಬರು. ಬೆಂಚಿನ ಮೇಲೆ ಕಾಲು ಚಾಚಿ ಮಾಮ ಪಳಂಪೊರಿ ತಿನ್ನುತ್ತಾ ರೂಮು ಹಿಡಿದ ಕತೆ ಹೇಳುತ್ತಿದ್ದರು. ಒಂದೊಂದು ಸಲ ಹೇಳಿದಾಗಲೂ ಹೆಸರು ಬರೆಸಿದವರ ಸಂಖ್ಯೆ ಏರಿ, ಈಗ ಹದಿನೆಂಟಕ್ಕೆ ಬಂದಿತ್ತು. ಆ ಗದ್ದಲದ ನಡುವೆ ಪ್ರಸೀತಾ ಗಂಡನ ಕಡೆಗೊಮ್ಮೆ ನೋಡಿದಳು. ಆ ನೋಟ ಅವನಿಗೆ ಅರ್ಥವಾಯಿತು. ಆದರೆ ಅಷ್ಟರಲ್ಲಿ ದೇವಯಾನಿ ಬಚ್ಚಲಿನಿಂದ ಕೂಗಿ ಸೋಪು ಕೇಳಿದಳು. ಅವಳದು ಎರಡನೇ ಸ್ನಾನ.

ಸೋಪು ಕೊಂಡು, ಈ ಸಲ ಇಡೀ ಮೊಳಕೈವರೆಗೆ ತಿಕ್ಕಿ ತೊಳೆದು, ಏನೂ ಮುಟ್ಟದೆ, ಬಾಗಿಲನ್ನು ಭುಜದಿಂದ ನೂಕಿಕೊಂಡು ಸುಗುಣನ್ ರೂಮಿಗೆ ಬಂದ. ಆಗ ಐದೂಕಾಲು. ಮಂಚ ಖಾಲಿಯಿತ್ತು. ಖಾಲಿ ಅಂದರೆ ಪ್ರಸೀತಾ ಇರಲಿಲ್ಲ, ಮಗು ಇರಲಿಲ್ಲ. ಉಳಿದವರೆಲ್ಲ ಇದ್ದರು.

"ಎಲ್ಲಿ ಅವಳು?"

"ಸಿಸ್ಟರ್ ಬಂದು ಕರ್ಕೊಂಡು ಹೋದ್ರು. ಇಂಜೆಕ್ಷನ್‌ಗೇನೋ," ಎಂದರು ಯಾರೋ, ಮಾತು ನಿಲ್ಲಿಸದೆ.

ಜೇಬಿನಲ್ಲಿ ಫೋನು ಬಡಿದುಕೊಂಡಿತು. ಪ್ರಸೀತಾ ಪಿಸುಗುಟ್ಟಿದಳು.

"ಸುಗುಣೇಟ್ಟ, ಬೇಜಾರು ಮಾಡ್ಕೋಬೇಡಿ. ನಾನೇ ತ್ರೇಸ್ಯಾಮ್ಮ ಸಿಸ್ಟರ್ ಹತ್ರ ಕೈ ಮುಗಿದು ವಾರ್ಡಿಗೆ ವಾಪಸ್ ಬಂದ್ಬಿಟ್ಟೆ. ನನ್ನ ಮಂಚ ಇನ್ನೂ ಯಾರಿಗೂ ಕೊಟ್ಟಿರಲಿಲ್ಲ. ಮಕ್ಕಳು ಅಳೋದಾದ್ರೆ ಅಳಲಿ, ಅವು ಪ್ರಶ್ನೆ ಕೇಳಲ್ಲ. ಓಮನಚೇಚಿ ಯಾರನ್ನೂ ಒಳಗೆ ಬಿಡಲ್ಲ. ದೇವರಂಥವಳು. ನಾನು ಮಲಗ್ತೀನಿ."

ಅವಳ ದನಿಯಲ್ಲಿದ್ದ ಸಮಾಧಾನ ಕೇಳಿ ಸುಗುಣನಿಗೆ ಸಿಟ್ಟು ಮಾಡಲೂ ಆಗಲಿಲ್ಲ. ಒದ್ದೆ ಕೈಗಳನ್ನು ಅಂಗಿಗೆ ಒರೆಸಿಕೊಂಡ.

ಸಿಸ್ಟರ್ ತ್ರೇಸ್ಯಾಮ್ಮ ಬಾಗಿಲಲ್ಲಿ ಕಾಣಿಸಿಕೊಂಡರು. "ರೋಗಿ ಇಲ್ಲದೆ ರೂಮು ಇಟ್ಕೊಳ್ಳೋ ಹಾಗಿಲ್ಲ. ಖಾಲಿ ಮಾಡಿ. ಕಟ್ಟಿದ ದುಡ್ಡು ವಾಪಸ್ ಬರಲ್ಲ, ಅದು ರೂಲು."

ಮಾಮ ರಸೀದಿ ಹೊರಗೆ ತೆಗೆದರು. "ನಾಲ್ಕು ದಿನಕ್ಕೆ ಕಟ್ಟಿದೆ. ನನ್ನ ಹೆಸರಲ್ಲಿದೆ. ಹೇಗೆ ಖಾಲಿ ಮಾಡಿಸ್ತೀರಿ?"

"ನಿಮ್ಮ ಹೆಸರಲ್ಲಿದ್ರೆ ನೀವೇ ಅಡ್ಮಿಟ್ ಆಗಿ," ಎಂದರು ಸಿಸ್ಟರ್, ಬೇಸರದಿಂದ.

ಅದನ್ನು ಅವರು ಹೇಳಬಾರದಿತ್ತು. ಮಾಮ ಎದೆಯ ಮೇಲೆ ಕೈಯಿಟ್ಟು ಯೋಚಿಸಿದರು. ಏಳು ಪಳಂಪೊರಿ ಒಳಗಿದ್ದದ್ದರಿಂದ ಯೋಚಿಸುವಾಗಲೇ ದೊಡ್ಡದೊಂದು ತೇಗು ಬಂತು. "ಮೂರು ಗಂಟೆಯಿಂದ ಇಲ್ಲಿ ಏನೋ ಹಿಡಿದ ಹಾಗಿದೆ," ಎಂದರು. ಸಿಸ್ಟರ್ ಬಿಪಿ ನೋಡಿದರು. ನಿಜಕ್ಕೂ ಏರಿತ್ತು. ಡ್ಯೂಟಿ ಡಾಕ್ಟರು ಹಳೆಯ ಹೆಡ್ ಕ್ಲಾರ್ಕನ್ನು ಗುರುತು ಹಿಡಿದು, ಯಾಕೆ ರಗಳೆಯೆಂದು ನಾಲ್ಕು ದಿನ ವಿಶ್ರಾಂತಿ ಬರೆದುಬಿಟ್ಟರು. ಮಾಮ ಮಂಚ ಹತ್ತಿ ಹೊದ್ದುಕೊಂಡರು.

"ಬೈಸ್ಟ್ಯಾಂಡರ್ ಯಾರು?" ಎಂದರು ಸಿಸ್ಟರ್. "ರೋಗಿ ಜೊತೆ ಒಬ್ಬರಿರಬೇಕು. ಗಂಡಸಾಗಿರಬೇಕು."

ಬಂದವರಿಗೆಲ್ಲ ಒಮ್ಮೆಗೇ ಜೀಪಿನ ನೆನಪಾಯಿತು. ಹೊರಡುತ್ತಾ ಎಲ್ಲರೂ ಸುಗುಣನನ್ನು ನೋಡಿದರು.

"ನನಗೆ ಬೆಳಗ್ಗೆ ಐದೂ ನಲವತ್ತಕ್ಕೆ ಟ್ರಿಪ್ಪಿದೆ," ಎಂದ ಅವನು.

ಮಾಮ ಮಲಗಿದಲ್ಲಿಂದಲೇ ಓನರಿಗೆ ಫೋನು ಮಾಡಿದರು. ಹೆಂಡತಿಯ ಹೆರಿಗೆಗೆ ಒಂದು ದಿನಕ್ಕಿಂತ ಹೆಚ್ಚು ಕೊಡಲಾಗದು ಎಂದಿದ್ದ ಮನುಷ್ಯ, "ಭಾರ್ಗವನ್ ಸಾರ್‌ಗಾ? ನಾಲ್ಕು ದಿನ ಇರಲಿ ಬಿಡಿ," ಎಂದುಬಿಟ್ಟ. ಅದನ್ನು ಕೇಳಿ ಸುಗುಣನ ಮುಖ ಅರಳಿತು. ನಾಲ್ಕು ದಿನ ಅಂದರೆ ಶನಿವಾರವೂ ಸೇರಿತು. ಡಿಸ್ಚಾರ್ಜಿನ ದಿನ ಇಲ್ಲೇ ಇರಬಹುದು.

ಅಷ್ಟೇ ಅಲ್ಲ, ಆರೂವರೆಗೆ ಕಾರ್ತ್ಯಾಯನಿ ಮಗುವನ್ನೆತ್ತಿಕೊಂಡು ರೂಮಿಗೆ ಬಂದಳು. ಸೋದರಮಾವ ಹಾಸಿಗೆ ಹಿಡಿದಿರುವಾಗ ಒಮ್ಮೆ ತೋರಿಸದಿದ್ದರೆ ಹೇಗೆಂದು ಸಿಸ್ಟರನ್ನು ಕಾಡಿ ಎರಡು ನಿಮಿಷಕ್ಕೆ ಒಪ್ಪಿಸಿದ್ದಳು. ಹಿಂದೆಯೇ ಸಿಸ್ಟರ್ ಬಂದರು. ಮಗು ಕಣ್ಣು ತೆರೆದಿತ್ತು. ಸುಗುಣನ್ ಎದ್ದು ನಿಂತು, ಶುಭ್ರವಾದ ಎರಡೂ ಕೈಗಳನ್ನು ಮೊದಲು ಸಿಸ್ಟರಿಗೆ ತೋರಿಸಿ, ಆಮೇಲೆ ಮಗುವಿನ ಕಡೆ ಚಾಚಿದ.

ಸಿಸ್ಟರ್ ನೋಡಿದ್ದು ಕೈಯನ್ನಲ್ಲ, ಕುತ್ತಿಗೆಯಲ್ಲಿ ನೇತಾಡುತ್ತಿದ್ದ ಬೈಸ್ಟ್ಯಾಂಡರಿನ ಹಳದಿ ಪಾಸನ್ನು.

"ನೀವು ರೋಗಿ ಕಡೆಯ ಬೈಸ್ಟ್ಯಾಂಡರ್. ಹಸುಗೂಸನ್ನ ಮುಟ್ಟೋ ಹಾಗಿಲ್ಲ. ಸೋಂಕಾಗುತ್ತೆ."

"ನಾನು ಮಗುವಿನ ಅಪ್ಪ, ಸಿಸ್ಟರ್."

"ಅದು ಬೆಳಗ್ಗೆ. ಈಗ ಅವರ ಬೈಸ್ಟ್ಯಾಂಡರ್. ಅವರು ಡಿಸ್ಚಾರ್ಜ್ ಆಗೋವರೆಗೆ."

"ಅವರು ಯಾವತ್ತು ಡಿಸ್ಚಾರ್ಜು?"

"ನಾಲ್ಕು ದಿನ ಅಂದ್ರೆ ಈವತ್ತಿನಿಂದ ಲೆಕ್ಕ ಹಾಕಲ್ಲ. ಭಾನುವಾರ."

ಶನಿವಾರ ಬೆಳಗ್ಗೆ ಪ್ರಸೀತಾ ಮಗುವಿನೊಂದಿಗೆ ಹೊಳೆ ದಾಟುತ್ತಾಳೆ. ಕಾರ್ತ್ಯಾಯನಿಗೂ ಪಾಪ ಅನಿಸಿತು. ಮಗುವಿನ ಮುಖವನ್ನು ಅಳಿಯನ ಕಡೆ ತಿರುಗಿಸಿ, ಮೂರಡಿ ದೂರದಲ್ಲಿ ಹಿಡಿದಳು. ಸುಗುಣನ್ ನೋಡಿದ, ಮಗು ಆಕಳಿಸಿತು. ಎರಡು ನಿಮಿಷ ಮುಗಿಯಿತೆಂದು ಸಿಸ್ಟರ್ ಇಬ್ಬರನ್ನೂ ಕರೆದುಕೊಂಡು ಹೋದರು.

ಮಾಮ ಮಗ್ಗುಲಾದರು. ಇದುವರೆಗೆ ಯಾರೂ ಇಷ್ಟು ಆರಾಮಾಗಿ ಆ ಮಂಚದ ಮೇಲೆ ಮಲಗಿರಲಿಲ್ಲ.

"ಮೋನೆ, ಬೆನ್ನಲ್ಲಿ ವಾಯು ಸೇರ್ಕೊಂಡಿದೆ. ಸ್ವಲ್ಪ ಎಣ್ಣೆ ಹಚ್ಚಿ ತಿಕ್ಕು," ಎಂದರು. ಸುಗುಣನ್ ಎದ್ದು ಬಂದ. ಮಾಮ ಹೊರಳಿ ಅವನ ಕೈ ನೋಡಿದರು.

"ಮೊದಲು ಕೈ ತೊಳ್ಕೊಂಡು ಬಾ."

ದೇವಯಾನಿಯ ಎರಡು ಸ್ನಾನಕ್ಕೆ ಬಚ್ಚಲ ನೀರು ಮುಗಿದಿತ್ತು. ಸುಗುಣನ್ ಹೆರಿಗೆ ಕೋಣೆಯ ಹತ್ತಿರದವರೆಗೆ ಹೋಗಿ ನಲ್ಲಿ ತಿರುಗಿಸಿದ. ಬೆಳಗ್ಗೆ ಗಾಳಿ ಬಂದಿದ್ದ ನಲ್ಲಿಯಲ್ಲಿ ಈಗ ನೀರು ಧಾರಾಳವಾಗಿ ಬರುತ್ತಿತ್ತು.