ಹದಿನೇಳು ಚೂರು ಪೊರೆ

ಪ್ರಾಣೇಶನಿಗೆ ಹಾವೆಂದರೆ ಜೀವಭಯ. ಐವತ್ತಮೂರು ವರ್ಷ ಈ ಸಂಗತಿಯನ್ನು ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದ. ಹಾಗೇ ಇಟ್ಟುಕೊಂಡಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ಆದರೆ ಎರಡು ವರ್ಷದ ಹಿಂದೆ ಮಗಳು ಹಂಸಿನಿ ಅಮೆರಿಕದ ಪಾರ್ಸಿಪನಿಯ ಮನೆಗೆ ಹೆಬ್ಬಾವಿನ ಮರಿಯೊಂದನ್ನು ತಂದಾಗ, ಊಟಕ್ಕೆ ಬಂದಿದ್ದವರ ಎದುರು ನಾಲಿಗೆ ಸುಮ್ಮನಿರಲಿಲ್ಲ. "ಇದೇನು ಮಹಾ! ಮೈಸೂರಲ್ಲಿ ಹಾಸ್ಟೆಲ್‌ನಲ್ಲಿದ್ದಾಗ ನಾಗರಹಾವನ್ನೇ ಬಾಲ ಹಿಡಿದು ಆಚೆ ಹಾಕಿದೀನಿ" ಎಂದು ಕೊಚ್ಚಿಕೊಂಡ. (ಆಚೆ ಹಾಕಿದ್ದು ರೂಂಮೇಟ್ ಜಗದೀಶ್. ಪ್ರಾಣೇಶ ಆಗ ಮೇಜಿನ ಮೇಲಿಟ್ಟ ಕುರ್ಚಿಯ ಮೇಲೆ ನಿಂತು ಮಾರ್ಗದರ್ಶನ ಮಾಡುತ್ತಿದ್ದ.)

ಬಂದ ಅತಿಥಿ ಬಾಲ್ ಪೈಥಾನ್ ಜಾತಿಯದು. ವಿಷವಿಲ್ಲ, ಸಿಟ್ಟಿಲ್ಲ, ಹೆದರಿದರೆ ತಲೆಯನ್ನು ಮಧ್ಯಕ್ಕೆ ತುರುಕಿಕೊಂಡು ಉಂಡೆಯಾಗಿಬಿಡುತ್ತದೆ. ಹಂಸಿನಿ ಅದಕ್ಕೆ ಮುದ್ದೆ ಎಂದು ಹೆಸರಿಟ್ಟಳು. ಅಂದಿನಿಂದ ಆ ಮನೆಯಲ್ಲಿ ರಾಗಿಮುದ್ದೆ ಬಂದ್. "ಮುದ್ದೆ ನುಂಗಿ ಅಂತ ಬಡಿಸೋಕೆ ನನಗೆ ಬಾಯಿ ಬರಲ್ಲ ರೀ" ಎಂದು ಹೆಂಡತಿ ಪಂಕಜಾ ಹಿಟ್ಟಿನ ಡಬ್ಬವನ್ನು ಮೇಲಟ್ಟಕ್ಕೆ ಸೇರಿಸಿದಳು.

ಈ ಫೆಬ್ರವರಿಯಲ್ಲಿ ಹಂಸಿನಿ, ಪಿಸ್ಕಾಟವೇಯ ಕಾಲೇಜಿಗೆ ಮನೆಯಿಂದಲೇ ಓಡಾಡಿಕೊಂಡು ಪ್ರಾಣಿಶಾಸ್ತ್ರ ಓದುತ್ತಿರುವವಳು, ಎರಡು ವಾರ ಫ್ಲೋರಿಡಾಗೆ ಟ್ರೈನಿಂಗಿಗೆ ಹೊರಟಳು. ಮುದ್ದೆಯನ್ನು ಸ್ನೇಹಿತ ಋಷಿಯ ಮನೆಯಲ್ಲಿ ಬಿಡುತ್ತೇನೆ ಅಂದಳು.

"ಯಾಕೆ, ಮನೇಲಿ ಅಪ್ಪ ಇಲ್ವಾ?" ಎಂದ ಪ್ರಾಣೇಶ. ಅಂದ ಮೇಲೆ ತಾನೇ ಬೆಚ್ಚಿದ.

ಕಾಲೇಜು ಸೇರಿದ ಮೇಲೆ ಅಪ್ಪನ ಮೆಸೇಜಿಗೆಲ್ಲ ಹೆಬ್ಬೆರಳಿನ ಚಿತ್ರವೊಂದನ್ನೇ ಕಳಿಸುತ್ತಿದ್ದ ಹುಡುಗಿ ಓಡಿ ಬಂದು ತಬ್ಬಿಕೊಂಡಳು. "ಥ್ಯಾಂಕ್ಸ್ ಅಪ್ಪಾ! ಐ ಟ್ರಸ್ಟ್ ಯು." ಆ ಒಂದು ಮಾತಿಗೆ ಪ್ರಾಣೇಶ ಹುಲಿಯನ್ನು ಬೇಕಾದರೂ ನೋಡಿಕೊಳ್ಳುತ್ತೇನೆ ಅನ್ನುತ್ತಿದ್ದ. ದಿನಕ್ಕೆರಡು ಸಲ ನೀರು ಚಿಮುಕಿಸಬೇಕು, ಬಟ್ಟಲಿಗೆ ನೀರು ತುಂಬಬೇಕು, ಮುದ್ದೆ ಇರುವ ಗಾಜಿನ ಪೆಟ್ಟಿಗೆ ಒಣಗಬಾರದು. "ಊಟ ಹಾಕಿದೀನಿ, ನಾನು ಬರೋವರೆಗೂ ಏನೂ ಬೇಡ" ಎಂದು ಹೇಳಿ ಮಗಳು ಹೋದಳು.

ನೀರು ಚಿಮುಕಿಸುವ ಸೇವೆ ನಡೆದದ್ದು ಹೀಗೆ: ಕಾರಿನ ಹಿಮ ಕೆರೆಯುವ ಉದ್ದನೆಯ ಬ್ರಷ್ಷಿಗೆ ಸ್ಪ್ರೇ ಬಾಟಲಿ ಕಟ್ಟಿ, ಅದರ ಗುಂಡಿಗೆ ದಾರ ಬಿಗಿದು, ಬಾಗಿಲಲ್ಲೇ ನಿಂತು ದಾರ ಎಳೆಯುವುದು. ಅರ್ಧ ನೀರು ಪೆಟ್ಟಿಗೆಯ ಮುಚ್ಚಳದ ಜಾಲರಿಗೆ, ಅರ್ಧ ಗೋಡೆಗೆ. ನಾಲ್ಕನೇ ದಿನ ಬಟ್ಟಲು ಒಣಗಿದ್ದು ಕಣ್ಣಿಗೆ ಬಿತ್ತು. ತುಂಬಬೇಕಾದರೆ ಮುಚ್ಚಳ ತೆಗೆಯಬೇಕು. "ನಾಳೆ ತುಂಬೋಣ" ಎಂದುಕೊಂಡ. ಆ ನಾಳೆ ಬರಲೇ ಇಲ್ಲ. ಮನೆಯ ಹೀಟರ್ ಹಗಲಿರುಳು ಉರಿಯುತ್ತಿತ್ತು, ಮನುಷ್ಯರ ತುಟಿಗಳೇ ಒಡೆಯುತ್ತಿದ್ದವು. ಮಗಳಿಗೆ ಮಾತ್ರ ದಿನವೂ ಒಂದು ಮೆಸೇಜು: ಆಲ್ ಗುಡ್.

ಹಂಸಿನಿ ವಾಪಸು ಬರುವ ಶನಿವಾರ ಬೆಳಿಗ್ಗೆ ಪಂಕಜಾ ಎಂದಿನಂತೆ ಪೆಟ್ಟಿಗೆಯ ಮುಂದೆ ಒಂದು ಹೂವಿಡಲು ಹೋದಳು. (ಅಮೆರಿಕದ್ದಾದರೇನು, ನಾಗಪ್ಪ ನಾಗಪ್ಪನೇ.) ಹೋದವಳು ಕಿಟಾರನೆ ಕಿರುಚಿದಳು.

"ರೀ! ಬನ್ನಿ ಇಲ್ಲಿ! ಮುದ್ದೆಗೆ ಏನೋ ಆಗಿದೆ!"

ಪ್ರಾಣೇಶ ಬಾಗಿಲಿಂದ ಇಣುಕಿದ. ಮುದ್ದೆಯ ಮೈಮೇಲೆ ಪೊರೆ ಅಲ್ಲಲ್ಲಿ ಹರಿದು, ಸುಣ್ಣ ಎದ್ದ ಗೋಡೆಯಂತೆ ಚಕ್ಕೆ ಚಕ್ಕೆಯಾಗಿ ಅಂಟಿಕೊಂಡಿತ್ತು. ಎರಡು ಕಣ್ಣಿಗೂ ಮಸುಕಾದ, ಸುಕ್ಕುಗಟ್ಟಿದ ಪದರ.

"ಕಣ್ಣೇ ಹೋಗಿದೆ ಕಣ್ರೀ!" ಪಂಕಜಾ ಕೆನ್ನೆ ಬಡಿದುಕೊಂಡಳು. "ಹಾವಿಗೆ ತೊಂದ್ರೆ ಕೊಟ್ಟೋರಿಗೆ ಚರ್ಮದ ಕಾಯಿಲೆ ಬರುತ್ತೆ ಅಂತ ನಮ್ಮಮ್ಮ ಹೇಳೋರು. ಇಲ್ಲಿ ಹಾವಿಗೇ ಬಂದಿದೆ! ಇನ್ನು ನಮ್ಮ ಗತಿ ಏನು?"

ಪ್ರಾಣೇಶನ ಬೆನ್ನು ಆ ಕ್ಷಣದಿಂದಲೇ ತುರಿಸತೊಡಗಿತು.

"ಅರಿಶಿನ, ಕೊಬ್ಬರಿ ಎಣ್ಣೆ ಕಲಸಿ ಹಚ್ಚೋಣ" ಎಂದಳು ಪಂಕಜಾ.

"ಹಚ್ಚೋದು ಯಾರು?"

ಇಬ್ಬರೂ ಕೈ ಹಿಂದಕ್ಕೆ ಕಟ್ಟಿಕೊಂಡರು. ಆಮೇಲೆ ಪ್ರಾಣೇಶ ಹಾವು-ಹಲ್ಲಿಗಳ ಡಾಕ್ಟರೊಬ್ಬರ ಕ್ಲಿನಿಕ್ಕಿಗೆ ಫೋನ್ ಹಚ್ಚಿದ. ಡಾಕ್ಟರು ಸಿಗುವುದು ಗುರುವಾರ. ಫೋನೆತ್ತಿದ ಹೆಂಗಸು ಮಾತ್ರ ಸಮಾಧಾನವಾಗಿ ಹೇಳಿದಳು: ಗಾಳಿ ಒಣಗಿ ಪೊರೆ ಅಂಟಿಕೊಂಡಿದೆ, ಎಣ್ಣೆಗಿಣ್ಣೆ ಹಚ್ಚಬೇಡಿ, ಉಗುರಿನಿಂದ ಕೀಳಬೇಡಿ, ಕಣ್ಣಂತೂ ಮುಟ್ಟಲೇಬೇಡಿ. ಉಗುರುಬೆಚ್ಚಗಿನ ನೀರನ್ನು ಸ್ವಲ್ಪವೇ ಹಾಕಿ ಇಪ್ಪತ್ತು ನಿಮಿಷ ನೆನೆಸಿ, ಪಕ್ಕದಲ್ಲೇ ಇರಿ. ನಂತರ ಒದ್ದೆ ಟವೆಲ್ ಹಿಡಿದು ಅದರೊಳಗೆ ಹರಿದಾಡಲು ಬಿಡಿ. ಕಣ್ಣಿನ ಪದರ ಹೋಗದಿದ್ದರೆ ಗುರುವಾರ ಕರೆತನ್ನಿ.

"ಟವೆಲ್ ಯಾರು ಹಿಡೀಬೇಕು?" ಪ್ರಾಣೇಶ ಇಂಗ್ಲಿಷಿನಲ್ಲಿ ಕೇಳಿದ.

"ನೀವು, ಸರ್."

ಪ್ರಾಣೇಶ ಸನ್ನದ್ಧನಾದ. ಹಿಮಕ್ಕೆ ಹಾಕುವ ದಪ್ಪ ಜಾಕೆಟ್, ಮೊಣಕಾಲುದ್ದದ ಬೂಟು, ತಲೆಗೆ ಮಂಕಿ ಟೋಪಿ, ಕೈಗೆ ಓವನ್ನಿನಿಂದ ಬಿಸಿ ಪಾತ್ರೆ ತೆಗೆಯುವ ಗವಸು.

"ಹಾವಿಗೆ ಸ್ನಾನ ಮಾಡಿಸೋಕೆ ಹೊರಟಿದೀರೋ, ಚಂದ್ರಲೋಕಕ್ಕೋ?" ಎಂದಳು ಪಂಕಜಾ. "ಆ ಗವಸಲ್ಲಿ ಹಿಡಿದ್ರೆ ಅದಕ್ಕೆ ನೋವಾಗುತ್ತೆ. ಬಿಚ್ಚಿ."

"ನೀನೇ ಹಿಡಿಯೇ ಹಾಗಾದ್ರೆ!"

"ನಾಗರಹಾವು ಹಿಡಿದೋರು ನೀವು. ನಾನಾ?"

ಗವಸು ಬಿಚ್ಚಿದ. ಮುಚ್ಚಳ ತೆಗೆದ. ಕೈ ಒಳಗೆ ಹೋಯಿತು, ಅರ್ಧಕ್ಕೇ ವಾಪಸು ಬಂತು. ಮತ್ತೆ ಹೋಯಿತು, ಮತ್ತೆ ಬಂತು. ಮೂರನೇ ಸಲ ಮುದ್ದೆ ತಲೆ ಎತ್ತಿ ಇವನತ್ತ ತಿರುಗಿತು. ಏನೂ ಸರಿಯಾಗಿ ಕಾಣದೆ ನಾಲಿಗೆ ಚಾಚಿ ಗಾಳಿಯಲ್ಲಿ ತಡಕಾಡಿತು. ನೆರಳು ಅಲುಗಿದ್ದಕ್ಕೆ ಬೆದರಿ ಉಂಡೆಯಾಯಿತು. ಈ ಸಲ ಪ್ರಾಣೇಶನ ಕೈ ವಾಪಸು ಬರಲಿಲ್ಲ. ನನ್ನ ಪುಕ್ಕಲುತನಕ್ಕೆ ಈ ಮೂಕಪ್ರಾಣಿಯ ಕಣ್ಣು ಹೋದರೆ ಮಗಳ ಮುಖ ಹೇಗೆ ನೋಡಲಿ? ಇನ್ನೊಂದು ಸಲ ಅವಳು ನಂಬುತ್ತಾಳೆಯೇ?

"ತಪ್ಪಾಯ್ತಪ್ಪಾ, ತಪ್ಪಾಯ್ತು" ಎನ್ನುತ್ತ ಕಣ್ಣು ಮುಚ್ಚಿ ಎರಡೂ ಕೈಯಲ್ಲಿ ಎತ್ತಿಬಿಟ್ಟ.

ಸ್ನಾನದ ಮನೆಯಲ್ಲಿ ಇಪ್ಪತ್ತು ನಿಮಿಷ ಕಳೆಯಿತು. ಟಬ್ಬಿನಲ್ಲಿ ಮುದ್ದೆ, ಪಕ್ಕದಲ್ಲಿ ಪ್ರಾಣೇಶ, ಕಮೋಡಿನ ಮುಚ್ಚಳದ ಮೇಲೆ ನಿಂತು ಒಂದು ಕೈಯಲ್ಲಿ ಹಿಡಿದ ಫೋನಿನ ಗಡಿಯಾರ ನೋಡುತ್ತ ಸುಬ್ರಹ್ಮಣ್ಯನನ್ನು ಕೂಗುತ್ತಿದ್ದ ಪಂಕಜಾ. ಆಮೇಲೆ ಒದ್ದೆ ಟವೆಲ್. ಮುದ್ದೆ ಟವೆಲಿನೊಳಗೆ ನುಗ್ಗಿತು, ಚೆನ್ನಾಗಿಯೇ ಹರಿಯಿತು, ಬೆಚ್ಚನೆಯ ಜಾಗ ಹುಡುಕುತ್ತ ಮುಂದುವರಿಯಿತು.

"ರೀ, ಎಲ್ಲಿ ಹೋಯ್ತು?"

"ಒಳಗೆ" ಎಂದ ಪ್ರಾಣೇಶ, ತುಟಿ ಅಲುಗಿಸದೆ.

"ಯಾವುದರ ಒಳಗೆ?"

"ನನ್ನ ಒಳಗೆ!"

ಜಾಕೆಟಿನ ತೋಳಿನಲ್ಲಿ ಹೊಕ್ಕ ಮುದ್ದೆ, ಒದ್ದೆ ಟವೆಲಿನ ಅಂಚನ್ನೂ ಎಳೆದುಕೊಂಡು, ಮೊಣಕೈ ದಾಟಿ ಕಂಕುಳ ಕಡೆ ಹೊರಟಿತ್ತು. ಪ್ರಾಣೇಶ ಕಂಬವಾದ. ಉಸಿರು ಬಿಟ್ಟರೆ ಸಿಟ್ಟಾದೀತೆಂದು ಅದನ್ನೂ ಹಿಡಿದ. ಸತ್ತೆ, ಸತ್ತೇ ಹೋದೆ, ಇನ್ಶೂರೆನ್ಸ್ ಕಾಗದ ಎಲ್ಲಿದೆಯೆಂದು ಇವಳಿಗೆ ಗೊತ್ತಿಲ್ಲವಲ್ಲ ಎಂದೆಲ್ಲ ತಲೆಯಲ್ಲಿ ಓಡಿತು. ಎಷ್ಟು ಯುಗ ಹಾಗೆ ನಿಂತನೋ! ಕೊನೆಗೆ ಕಾಲರಿನಿಂದ ಒಂದು ತಲೆ ಹೊರಬಂದು ಗಲ್ಲಕ್ಕೆ ತಾಗಿತು. ಪಂಕಜಾ ಬಗ್ಗಿ ನೋಡಿದಳು.

"ರೀ... ಕಣ್ಣು! ಎರಡೂ ಕಣ್ಣು ಫಳಫಳ ಅಂತಿದೆ!"

ಜಾಕೆಟಿನ ಒದ್ದೆ ಅಸ್ತರಿಗೆ ಉಜ್ಜಿಕೊಂಡು ಪೊರೆಯೆಲ್ಲ ಒಳಗೇ ಉಳಿದಿತ್ತು. ಈಚೆ ಬಂದ ಮುದ್ದೆ ಈಗತಾನೇ ಎಣ್ಣೆಸ್ನಾನ ಮಾಡಿದಂತೆ ಮಿರಿಮಿರಿ ಮಿಂಚುತ್ತಿತ್ತು. ಪ್ರಾಣೇಶ ಅತ್ತುಬಿಟ್ಟ. ಭಯಕ್ಕೋ ಸಂತೋಷಕ್ಕೋ ಅವನಿಗೇ ತಿಳಿಯಲಿಲ್ಲ.

ಸಂಜೆಯ ಹೊತ್ತಿಗೆ ಅವನು ಬೇರೆಯೇ ಮನುಷ್ಯ. ಮುದ್ದೆಯನ್ನು ಪೆಟ್ಟಿಗೆಗೆ ಸೇರಿಸಿ, ಜಾಕೆಟ್ ಕೊಡವಿ ಸಿಕ್ಕ ಚೂರುಗಳನ್ನೆಲ್ಲ ಸ್ಟೀಲ್ ತಟ್ಟೆಯಲ್ಲಿ ಸಾಲಾಗಿ ಜೋಡಿಸಿದ. ಪಂಕಜಾ ಪಕ್ಕದಲ್ಲಿ ಕುಂಕುಮ ಇಟ್ಟಳು. ಮಗಳು ಸೂಟ್‌ಕೇಸ್ ಒಳಗಿಡುವ ಮುಂಚೆಯೇ ಪಂಕಜಾ ಹಿಡಿದ ತಟ್ಟೆ ಅವಳ ಮುಖದ ಮುಂದಿತ್ತು.

"ಹದಿನೇಳು ಚೂರು! ಒಂದೊಂದನ್ನೂ ನಾನೇ ಬಿಡಿಸಿದ್ದು ಕಣೇ ಪುಟ್ಟಾ!" ಎಂದ ಪ್ರಾಣೇಶ.

ಹಂಸಿನಿ ತಟ್ಟೆ ನೋಡಿದಳು. ಪೆಟ್ಟಿಗೆ ನೋಡಿದಳು. ಅಪ್ಪನನ್ನು ನೋಡಿದಳು.

"ಅಪ್ಪಾ, ಚೆನ್ನಾಗಿ ನೋಡ್ಕೊಂಡಿರೋ ಹಾವು ಒಂದೇ ಪೀಸಲ್ಲಿ ಪೊರೆ ಬಿಡುತ್ತೆ. ಲೈಕ್ ಅ ಸಾಕ್, ಕಾಲುಚೀಲದ ಥರ. ಇಷ್ಟೊಂದು ಚೂರು ಆಗ್ಬೇಕಾದ್ರೆ ಎರಡು ವಾರ ನೀರೇ ಇರ್ಬಾರ್ದು. ಮುಚ್ಚಳ ಎಷ್ಟು ಸಲ ತೆಗೆದೆ?"

"ಅದು... ಲೆಕ್ಕ ಇಟ್ಟಿಲ್ಲ..."

"ನಾಗಪ್ಪನ ಎದುರಿಗೆ ಸುಳ್ಳು ಹೇಳ್ಬೇಡಿ" ಎಂದಳು ಪಂಕಜಾ.

ಅಲ್ಲಿಗೆ ಪ್ರಾಣೇಶ ಕುಸಿದ. "ಒಂದೇ ಸಲ. ಇವತ್ತು ಬೆಳಿಗ್ಗೆ. ಭಯ ಆಗ್ತಿತ್ತು ಪುಟ್ಟಾ. ಈಗಲೂ ಆಗುತ್ತೆ."

ಹಂಸಿನಿ ಕೂಗಾಡಲಿಲ್ಲ, ಕೂಗಾಡಿದ್ದರೆ ಚೆನ್ನಾಗಿತ್ತು. "ಇಟ್ಸ್ ಓಕೆ. ನೆಕ್ಸ್ಟ್ ಟೈಮ್ ಋಷಿ ಮನೇಲೇ ಬಿಡ್ತೀನಿ" ಎಂದು ಮೆಲ್ಲಗೆ ಹೇಳಿ ಬಟ್ಟಲಿಗೆ ನೀರು ತುಂಬಲು ಹೊರಟಳು. ಎರಡು ವರ್ಷದಿಂದ ಪ್ರಾಣೇಶ ಹಗಲುಗನಸು ಕಂಡದ್ದು ಹಾವು ಮನೆಬಿಡುವ ಈ ಮಾತನ್ನೇ. ಆದರೆ ಈಗ ಮಗಳ ಹಿಂದೆಯೇ ಎರಡು ಹೆಜ್ಜೆ ಹಾಕಿದ.

"ಬೇಡ! ಮುದ್ದೆ ಎಲ್ಲೂ ಹೋಗಲ್ಲ. ನಾನೇ ನೋಡ್ಕೋತೀನಿ, ಎಲ್ಲಾನೂ!"

ಈ ಮಾತಿಗೆ ಎಲ್ಲರಿಗಿಂತ ಹೆಚ್ಚು ಗಾಬರಿಯಾದವನು ಆಡಿದವನೇ. ಹಂಸಿನಿ ಮಾತ್ರ ತಿರುಗಿ ನಿಂತಳು. ಮುಖ ಅರಳಿತು.

"ರಿಯಲೀ ಅಪ್ಪಾ? ಹಾಗಾದ್ರೆ ಇವತ್ತೇ ಊಟ ಹಾಕು. ಪೊರೆ ಬಿಟ್ಟ ಮೇಲೆ ತುಂಬಾ ಹಸಿವು ಇರುತ್ತೆ. ಇಲಿಗಳು ಫ್ರೀಜರಲ್ಲಿವೆ."

"ಯಾವ ಫ್ರೀಜರ್?" ಎಂದಳು ಪಂಕಜಾ.

"ನಮ್ಮದೇ ಅಮ್ಮಾ, ಅಡಿಗೆಮನೇದು. ತೆಂಗಿನತುರಿ ಪ್ಯಾಕೆಟ್ ಹಿಂದೆ. ಎರಡು ವರ್ಷದಿಂದ ಅಲ್ಲೇ ಇಡ್ತಿರೋದು. ಅಮ್ಮನ್ನ ಕೇಳಿದೀನಿ, ಓಕೆ ಅಂದ್ಲು ಅಂತ ಅಪ್ಪಾನೇ ಹೇಳಿದ್ರಲ್ಲಾ?"

ಎರಡು ವರ್ಷದ ಚಟ್ನಿ, ಪಲ್ಯ, ಕೋಸಂಬರಿಗಳೆಲ್ಲ ಪಂಕಜಾಳ ಮುಖದ ಮೇಲೆ ಒಂದೊಂದಾಗಿ ಹಾದುಹೋದವು. ಅವಳು ತಟ್ಟೆಯನ್ನು ಕೆಳಗಿಟ್ಟಳು. ಬಹಳ ನಿಧಾನವಾಗಿ ಗಂಡನ ಕಡೆ ತಿರುಗಿದಳು.

ಪ್ರಾಣೇಶ ಯಾರೂ ಹೇಳದೆಯೇ ಪೆಟ್ಟಿಗೆಯ ಮುಚ್ಚಳ ತೆಗೆದು, ಎರಡೂ ಕೈಯನ್ನು ಮೊಣಕೈವರೆಗೆ ಒಳಗಿಟ್ಟು, ಮುದ್ದೆಯನ್ನು ಎದೆಗವಚಿಕೊಂಡು ನಿಂತ. ಹಾವು ಕೈಯಲ್ಲಿದ್ದರೆ ಪಂಕಜಾ ಹತ್ತಿರ ಬರುವುದಿಲ್ಲ.