ಲಂಕಾದ ಥಂಡ್ಯಾಗ ನಮ್ಮಾಕಿಯ ಎಪ್ಪಾ

ನಮ್ಮಾಕಿ ಬಾಯಿ ತಗದ್ರ ಏನರ ಒಂದು ಆಗೇ ಆಗ್ತದ. ಬಿಸಿ ತಾಕಿದ್ರೂ “ಎಪ್ಪಾ”, ಥಂಡಿ ಹತ್ತಿದ್ರೂ “ಎಪ್ಪಾ”, ಸೀರಿ ಛಲೋ ಕಂಡ್ರೂ “ಎಪ್ಪಾ”. ಪುಣೆಗೆ ಬಂದು ಮರಾಠಿ ನೀರು ಕುಡದಂಗ ಕಲತ್ಲು, ಆದ್ರ ವಿಜಾಪುರದ ಈ ಎಪ್ಪಾ ಮಾತ್ರ ಬಿಡಲಿಲ್ಲ.

ಮಾವಶಿಯ ಪಂಥ

ಎಂಬತ್ತನೇ ಇಸವಿ ಆಚೀಚಿ, ನಾ ಪುಣೆ ಬಾಜೂ ಪಿಂಪರಿಯ ಕಾರ್ಖಾನ್ಯಾಗ ಫಿಟ್ಟರ್ ಇದ್ದಾಗ, ಊರಿನ ಕನ್ನಡ ಮಂದಿ ಕೂಡಿ ಶ್ರೀಲಂಕಾ ಪ್ರವಾಸ ಹೊಂಟ್ವಿ. ಹತ್ತು ಸಂಸಾರ ಇದ್ದ ನಮ್ಮ ವಾಡೇದಾಗ ಫಾರಿನ್‌ಗೆ ಹೊಂಟ ಮೊದಲನೇ ಹೆಂಗಸು ತಾನೇ ಅಂತ ಈಕಿ ಮನಿಮನಿಗೆ ಹೇಳಿ ಬಂದ್ಲು. ಎದುರು ಖೋಲಿಯ ಮಾವಶಿ ಮೂಗು ಮುರದು ಮರಾಠ್ಯಾಗ ಅಂದ್ರು: “ಇಲ್ಲೇ ಮಹಾಬಳೇಶ್ವರದ ಗುಡ್ಡಕ್ಕ ಹೋಗಿ, ಮಂಜು ನೋಡಿ ಬಂದು ಫಾರಿನ್ ಅಂತೀರಿ. ಫೋಟೊ ತೋರಸ್ರಿ, ಆಮ್ಯಾಲ ನಂಬ್ತೀನಿ.”

ಮುಗೀತು. ಅವತ್ತಿನಿಂದ ಈಕಿಗೆ ಲಂಕಾ ಬ್ಯಾಡಾತು, ಫೋಟೊ ಬೇಕಾತು.

ಬಿಸಿನೀರು

ನುವಾರ ಎಲಿಯ ಅಂತ ಗುಡ್ಡದ ಮ್ಯಾಲೊಂದು ಊರು. ಇಂಗ್ಲೀಷರು ಬಿಸಿಲು ತಾಳಲಾರದ ಕಟ್ಟಿದ್ದು. ಅವರ ಕಾಲದ ಬಂಗಲೆ, ಕುದುರಿ ಓಡಸೋ ಮೈದಾನ, ಕೆಂಪು ಇಟ್ಟಂಗಿಯ ಪೋಸ್ಟ್ ಆಫೀಸು. ಹಲ್ಲು ಕಟಕಟ ಅನ್ನೋ ಥಂಡಿ.

ಹೋಟೆಲ್‌ನವ ಬಕೀಟಿನಾಗ ಬಿಸಿನೀರು ತಂದ. ಈಕಿ ಕೈ ಅದ್ದಿ, ಸುಖಕ್ಕ ಕಣ್ಣು ಮುಚ್ಚಿ, “ಎಪ್ಪಾ!” ಅಂದ್ಲು. ಆತ ಬಕೀಟು ಎತ್ತಿಕೊಂಡು ಹೊಂಟೇಬಿಟ್ಟ! ನಾ ಹಿಂದ ಓಡಿ, ಕೈಸನ್ನಿ ಮಾಡಿ ತಿರುಗಿ ಕರಕೊಂಡು ಬಂದೆ. ಈಕಿ ಮತ್ತ ಕೈ ಅದ್ದಿ, “ಎಪ್ಪಾ, ಎಪ್ಪಾ!” ಅಂದ್ಲು. ಈ ಸಲ ಬಕೀಟಿನ ಜೋಡಿ ತಂಬಿಗಿನೂ ಹೋತು.

ಸಾಹೇಬರ ಊಟ

ಸಂಜಿಗೆ ಬಿಳಿ ಕೋಟಿನವ ಸೂಪು ತಂದಿಟ್ಟ. “ಎಪ್ಪಾ, ಏನ್ ವಾಸನಿರೀ!” ಸೂಪು ಹೋತು. ಹುರದ ಬಟಾಟಿ ಬಂತು. “ಎಪ್ಪಾ!” ಬಟಾಟಿನೂ ಹೋತು. ನಾ ತಲಿ ತಗ್ಗಿಸಿ ತಿಂತಿದ್ದೆ.

“ನಿಮ್ಮದ್ಯಾಕ ಒಯ್ಯವಲ್ಲ?”

“ನಾ ಸಾಹೇಬನಂಗ ಕುಂತೀನಿ.”

ಈಕಿ ಭಾಳ ಹೊತ್ತು ವಿಚಾರ ಮಾಡಿ ಹೇಳಿದ್ಲು: “ಇಂಗ್ಲೀಷರ ಪದ್ಧತಿ ಇದ್ದಿರಬೇಕ್ರಿ. ಹೆಂಗಸರಿಗೆ ಬರೇ ತೋರಿಸಿ ಒಯ್ತಾರ. ಅದಕ್ಕ ಮೇಮ್‌ಸಾಹೇಬ್ರು ಅಷ್ಟು ಸಣ್ಣ ಇರ್ತಾರ.”

ಖೋಲಿಗೆ ಬಂದು ಮನಿಯಿಂದ ತಂದ ಶೇಂಗಾ ಹೋಳಗಿ ತಿಂದು ಮಲಗಿದ್ಲು.

ಫೋಟೊ

ಮರುದಿನ ಪೋಸ್ಟ್ ಆಫೀಸಿನ ಮುಂದ ಈಕಿ ರೇಷ್ಮಿ ಸೀರಿ ಉಟ್ಟು ನಿಂತ್ಲು. ಅಲ್ಲಿಯ ಫೋಟೊದವ ಕ್ಯಾಮೆರಾ ಎತ್ತಿದ. ಗಾಳಿ ಬೀಸ್ತು. “ಎಪ್ಪಾ!” ಕ್ಯಾಮೆರಾ ಇಳೀತು. ಮತ್ತ ಎತ್ತಿದ, ಮತ್ತ “ಎಪ್ಪಾ!” ಆತ ಸಿಟ್ಟಿಗೆದ್ದು ಚೀಲ ಹೆಗಲಿಗೆ ಹಾಕಿದ.

“ಮಾವಶಿ ಮುಂದ ಹೆಂಗ ಮಾರಿ ಎತ್ತಲಿ ರೀ!” ಅಂತ ಈಕಿ ಕಣ್ಣಾಗ ನೀರು ತಂದ್ಲು. ನಂಗೂ ಕೆಟ್ಟ ಅನಿಸ್ತು. ಅಷ್ಟರಾಗ ಉಳದ ಮಂದಿನ್ನ ತಿರುಗಿಸಲಿಕ್ಕೆ ಹೋಗಿದ್ದ ನಮ್ಮ ಪ್ರವಾಸದ ಗೈಡ್ ಹೊಟ್ಟಿ ಹಿಡಕೊಂಡು ನಕ್ಕೋತ ಬಂದು ಹೇಳಿದ: “ಅಮ್ಮಾ, ಸಿಂಹಳದಾಗ ‘ಎಪಾ’ ಅಂದ್ರ ‘ಬ್ಯಾಡ’ ಅಂತ ಅರ್ಥ!”

ಈಕಿ ಸೆರಗು ಬಾಯಾಗ ತುರುಕಿಕೊಂಡು ನಿಂತ್ಲು. ಫೋಟೊ ಆತು. ಆದ್ರ ಅದೇ ಗಳಿಗಿಗೆ ಮಂಜು ಇಳದು ಪೋಸ್ಟ್ ಆಫೀಸು ಮಾಯ.

ತಿರುಗಿ ವಾಡೇಕ್ಕ

ಪುಣೆದಾಗ ಈಕಿ ಮಾವಶಿನ್ನ ಕರದು, ಚಹಾ ಚಿವಡಾ ಕೊಟ್ಟು, ಫೋಟೊ ಕೈಯಾಗಿಟ್ಲು. ಬಾಯಿ ಮುಚ್ಚಿಕೊಂಡ ಹೆಂಗಸು, ಸುತ್ತ ಬರೇ ಮಂಜು. ಮಾವಶಿ ಚಹಾ ಒಂದು ಗುಟುಕು ಕುಡದು, “ಅಗ ಬಾಈ, ಹೇ ತರ ಮಹಾಬಳೇಶ್ವರ!” ಅಂದ್ರು, ‘ಇದು ಮಹಾಬಳೇಶ್ವರನ ಅಲ್ಲೇನು’ ಅಂತ.

“ಎಪ್ಪಾ!” ಅಂದ್ಲು ನಮ್ಮಾಕಿ.

ನಂಗ ಲಂಕಾದ ರೂಢಿ ಇನ್ನೂ ಹೋಗಿರಲಿಲ್ಲ. ಥಟ್ಟನ ಎದ್ದು ಮಾವಶಿ ಕೈಯಾಗಿನ ಚಹಾ, ಮುಂದಿನ ಚಿವಡಾ ಎರಡೂ ಎತ್ತಿಕೊಂಡು ಒಳಗ ನಡದೆ.

“ಅರೇ, ನನ್ನ ಚಹಾ!” ಅಂದ್ರು ಮಾವಶಿ. ನಮ್ಮಾಕಿ ಸೆರಗು ಸರಿಮಾಡಿಕೊಂಡು ಅಂದ್ಲು:

“ಫಾರಿನ್ ಪದ್ಧತಿ, ಮಾವಶಿ. ಮಹಾಬಳೇಶ್ವರದಾಗ ಹಿಂಗ ಮಾಡ್ತಾರೇನು?”